ಮಾಳಿಗೆ ತುಳಿದು ನೋಡುವ ಗ್ಯಾನಮ್ಮ

ಲಿಂಗಸುಗೂರಿನ ಹಳೇ ದಂಡಿನ ಛಾವಣಿಯ ಕಡೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂದಕ್ಕೊಂದು ಅಂಟಿಕೊಂಡು ನಿಂತ ಎಂಟು ಖೋಲಿಗಳ ಮಣ್ಣಿನ ಮಾಳಿಗೆಯ ಮೇಲೆ ಗ್ಯಾನಮ್ಮ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಒಂದು ಹೆಜ್ಜೆ ಇಡುತ್ತಾರೆ, ಹಿಮ್ಮಡಿಯ ಮೇಲೆ ಭಾರ ಬಿಡುತ್ತಾರೆ, ಮತ್ತೆ ಮುಂದಿನ ಹೆಜ್ಜೆ. ಕಾಲು ಮೆತ್ತಗೆ ಇಳಿದ ಕಡೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಕೆದರಿ ನೋಡುತ್ತಾರೆ. ಪುಟ್ಟಿಯಲ್ಲಿ ತಂದ, ನೀರು ಇಳಿಯಗೊಡದ ಸವುಳು ಮಣ್ಣು ಸುರಿದು, ನೀರು ಚಿಮುಕಿಸಿ, ಧಮ್ಮಸದಿಂದ ಬಡಿಯುತ್ತಾರೆ. ರೋಹಿಣಿ ಮಳೆ ಬೀಳುವುದರೊಳಗೆ ಈ ಕೆಲಸ ಮುಗಿಯಬೇಕು.

ಕೆಳಗಿನಿಂದ ಒಂದು ಹೆಣ್ಣು ದನಿ ಕೇಳುತ್ತದೆ. “ಅವ್ವಾ, ನನ್ನ ತಲಿ ಮ್ಯಾಲ ಇದ್ದೀಯೇನು?”

“ಇದ್ದೀನಿ. ನಿನ್ನ ಜಂತಿ ಗಟ್ಟಿ ಐತಿ. ಮಲಕ್ಕೋ ಇನ್ನಾ” ಎನ್ನುತ್ತಾರೆ ಗ್ಯಾನಮ್ಮ, ಬಡಿಯುವುದನ್ನು ನಿಲ್ಲಿಸದೆ.

ಕೇಳಿದವಳು ಹುಸೇನ್‌ಬೀ. ಆಕೆಯ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುತ್ತಾನೆ. ಅಲ್ಲಿ ಕಂಪನಿಯ ಮನೆ ಸಿಕ್ಕಿಲ್ಲ. ಹೆಂಡತಿ, ಕೂಸು ಇಲ್ಲಿ ಬಾಡಿಗೆಗಿದ್ದಾರೆ. ಪಕ್ಕದ ಖೋಲಿಗಳಲ್ಲಿ ಟಾಂಗಾ ಹೊಡೆಯುವ ಬುಡ್ಡೇಸಾಬ್, ಅಂಗಿ ಹೊಲಿಯುವ ಮೌಲಾಸಾಬ್, ಕಚೇರಿಯ ಒಬ್ಬ ಜವಾನ, ಮತ್ತೆ ಇಬ್ಬರು ಮೂವರು ಸಂಸಾರವಂದಿಗರು. ಊರಿನ ಮಂದಿ ಇದನ್ನು ಗ್ಯಾನಮ್ಮನ ಸಾಲು ಎನ್ನುತ್ತಾರೆ. ಮಾಲೀಕಳು ಅವರೇ, ಮಣ್ಣು ಹೊರುವವರೂ ಅವರೇ. ಬಚ್ಚಲ ಕಾಲುವೆ ಕಟ್ಟಿದರೆ ಸೀರೆ ಎತ್ತಿ ಕಟ್ಟಿ ಇಳಿಯುವವರೂ ಅವರೇ.

ಛಾವಣಿಯಲ್ಲಿ ಒಂದು ಕಾಲಕ್ಕೆ ದಂಡು ಇತ್ತು. ದಂಡು ಹೋದ ಮೇಲೆ ಕುದುರೆ ಲಾಯಗಳು ಹಾಳು ಬಿದ್ದವು. ಗ್ಯಾನಮ್ಮನ ಗಂಡ ಮುದುಕಪ್ಪ ಕಲ್ಲು ಕಟ್ಟುವ ಗೌಂಡಿ. ಆ ಲಾಯದ ಕಲ್ಲುಗಳನ್ನು ಕೊಂಡು ತಂದು, ಕೂಲಿ ಇಲ್ಲದ ದಿನಗಳಲ್ಲಿ ಒಂದೊಂದೇ ಖೋಲಿ ಕಟ್ಟಿದರು. ಅವರು ಕಲ್ಲು ಕೂಡಿಸಿದರೆ ಗ್ಯಾನಮ್ಮ ಕೆಸರು ಹೊತ್ತು ಕೊಟ್ಟರು. ಎಂಟನೆಯದಕ್ಕೆ ಬಾಗಿಲು ಕೂಡಿಸಿದ ವರ್ಷವೇ ಮುದುಕಪ್ಪ ಜ್ವರ ಬಂದು ತೀರಿಕೊಂಡರು. ಹದಿನಾಲ್ಕು ವರ್ಷದ ಹಿಂದಿನ ಮಾತು. ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಮೈದುನ ದುರುಗಪ್ಪ ಬಂದು ಕಟ್ಟೆಯ ಮೇಲೆ ಕೂತ. ಸಾಲು ತಾನು ನೋಡಿಕೊಳ್ಳುತ್ತೇನೆ, ಹೆಣ್ಣುಮಗಳು ಬಾಡಿಗೆ ಕೇಳಲು ಹೋದರೆ ಮಂದಿ ನಗುತ್ತಾರೆ ಎಂದ.

“ಕೆಸರು ಹೊತ್ತಾಗ ಯಾರೂ ನಗಲಿಲ್ಲ, ಈಗ್ಯಾಕ ನಗತಾರ? ಅಂದೆ” ಎಂದು ಗ್ಯಾನಮ್ಮ ಈಗ ಹೇಳುವಾಗ ಅದರಲ್ಲಿ ಸಿಟ್ಟೇನೂ ಇಲ್ಲ. “ಪಾಪ, ಅವನೂ ಕೆಟ್ಟವ ಅಲ್ಲರೀ. ಅವಗ ನನ್ನ ಮ್ಯಾಲ ನಂಬಿಕಿ ಇರಲಿಲ್ಲ, ಅಷ್ಟ.”

ತಮ್ಮ ಮೇಲಿನ ನಂಬಿಕೆ ಆ ಮಳೆಗಾಲದಲ್ಲಿ ಗ್ಯಾನಮ್ಮನಿಗೂ ಕುಸಿಯಿತು. ಮೂರು ದಿನ ಜಡಿಮಳೆ ಹಿಡಿದು, ನಾಲ್ಕನೆಯ ದಿನ ಮಧ್ಯಾಹ್ನ ಕೊನೆಯ ಖೋಲಿಯ ಮಾಳಿಗೆ ಬಿತ್ತು. ಒಳಗೆ ಬುಡ್ಡೇಸಾಬ್ ಉಣ್ಣುತ್ತ ಕೂತಿದ್ದರು. ಗ್ಯಾನಮ್ಮ ಕೈಯಿಂದಲೇ ಮಣ್ಣು ಬಗೆದು ಅವರನ್ನು ಹೊರಗೆಳೆದರು. ಜೀವ ಉಳಿಯಿತು, ಕಾಲು ಮುರಿಯಿತು. ಎಲುಬು ಕೂಡುವವರೆಗೆ ಬುಡ್ಡೇಸಾಬ್ ಗ್ಯಾನಮ್ಮನ ಪಡಸಾಲೆಯಲ್ಲೇ ಮಲಗಿದ್ದರು. ಅವರ ಕುದುರೆಗೆ ಹುಲ್ಲು ಹಾಕಿದವರು ಗ್ಯಾನಮ್ಮ.

“ಮಾಳಿಗಿ ನೋಡೋದು ಗಂಡಸರ ಕೆಲಸ ಅಂತ ತಿಳಿದಿದ್ದೆ. ಗಂಡ ಹೋಗಿದ್ದ. ಮತ್ತ ಯಾರು ನೋಡಬೇಕು? ಅವತ್ತ ನಿಚ್ಚಣಿಕಿ ಹತ್ತಿದೆ. ಇನ್ನೂ ಹತ್ತಾಕತ್ತೀನಿ.”

ಹೊಸದಾಗಿ ಬಾಡಿಗೆಗೆ ಬರುವವರಿಗೆ ಗ್ಯಾನಮ್ಮ ಮೊದಲು ಖೋಲಿ ತೋರಿಸುತ್ತಾರೆ, ಮಾತು ಆಮೇಲೆ. ಕಂದೀಲು ತೂಗುಹಾಕಲು ಗೂಟ ಇಲ್ಲಿ, ಹೊಗೆ ಹೋಗುವ ಕಿಂಡಿಗೆ ಅರಿವೆ ತುರುಕಬಾರದು, ಬಾವಿಯ ಮೇಲಿನ ಹಲಗೆ ನೀರು ಸೇದಿದ ಕೂಡಲೇ ಮುಚ್ಚಬೇಕು. ಜಂತಿಯಿಂದ ಹಿಡಿ ಮಣ್ಣು ಬಿದ್ದರೂ ಆವತ್ತೇ ಹೇಳಬೇಕು. ಹೇಳಿದರೆ ಬಾಡಿಗೆ ಏರುತ್ತದೆಂದು ಹೆದರಬಾರದು. ಇಷ್ಟು ಹೇಳಿ ಕೀಲಿಕೈ ಕೊಟ್ಟರೆಂದರೆ ಮುಗಿಯಿತು. ಕರೆಯದೆ ಯಾರ ಹೊಸ್ತಿಲನ್ನೂ ಅವರು ದಾಟುವುದಿಲ್ಲ. “ಹೊಸ್ತಿಲದ ಈಚಿ ನನ್ನ ಮನಿ, ಆಚಿ ಅವರ ಮನಿ” ಎನ್ನುತ್ತಾರೆ.

ಆ ಮಾತಿಗೆ ಹೋದ ಬೇಸಿಗೆಯಲ್ಲಿ ಕಠಿಣ ಪರೀಕ್ಷೆ ಬಂತು.

ಹುಸೇನ್‌ಬೀಯ ಪಕ್ಕದ ಖೋಲಿಯಲ್ಲಿ ಆಗ ಯಂಕೋಬ ಇದ್ದ. ಬಾವಿ ತೋಡುವವನು, ಬಂಡೆ ಸಿಕ್ಕರೆ ಸಿಡಿಮದ್ದಿಟ್ಟು ಒಡೆಯುವುದರಲ್ಲಿ ಗಟ್ಟಿಗ. ಬಸುರಿ ಹೆಂಡತಿ ಸಿಂಧನೂರಿನ ಕಡೆ ಜವಳಗೇರಾದಲ್ಲಿ ತವರಿನಲ್ಲಿದ್ದಳು. ಯಂಕೋಬ ಊರಲ್ಲಿದ್ದ ದಿನ ಸಾಲಿನ ಮುದುಕರಿಗೆಲ್ಲ ನೀರು ಸೇದಿಕೊಡುತ್ತಿದ್ದ. ಅವನು ಮೆಚ್ಚದವರು ಅಲ್ಲಿ ಯಾರೂ ಇರಲಿಲ್ಲ. ಅವನನ್ನು ಮೆಚ್ಚದವರೂ ಇರಲಿಲ್ಲ.

ಒಂದು ಮುಂಜಾನೆ ಗ್ಯಾನಮ್ಮ ಮಾಳಿಗೆಯ ಮೇಲಿದ್ದರು. ಯಂಕೋಬನ ಖೋಲಿಯ ಬೆಳಕಿಂಡಿಯ ಸುತ್ತ ಮಣ್ಣು ಬಿರಿದಿತ್ತು. ಮೆತ್ತಲೆಂದು ಕಿಂಡಿಯ ಬಂಡೆ ಸರಿಸಿದಾಗ ಬೆಳಕು ಒಳಗೆ ಬಿತ್ತು. ಗೋಡೆಗೆ ಒತ್ತಿ ಇಟ್ಟ ಡಬ್ಬಿಗಳು ಕಂಡವು. ಮೇಲೊಂದು ಗೋಣಿಚೀಲ, ಪಕ್ಕದಲ್ಲಿ ಕರಿ ಹಗ್ಗದ ಸುರುಳಿ.

“ಹಗ್ಗ ಅಂದ್ಕೊಂಡೆ ಮೊದಲ. ಆಮ್ಯಾಲ ಗೊತ್ತಾತು. ಗಂಡಗ ಬುತ್ತಿ ಒಯ್ದು ಕಲ್ಲಿನ ಖಣಿಯಾಗ ನೋಡಿದ್ದೆ. ಅದು ಮದ್ದಿನ ಬತ್ತಿ.”

ಡಬ್ಬಿಗಳು ಒರಗಿದ್ದ ಗೋಡೆಯ ಆಚೆ ಬದಿಗೆ ಹುಸೇನ್‌ಬೀಯ ಒಲೆ. ಆ ಹೊತ್ತಿಗೆ ಅವಳ ಹೊಗೆಕಿಂಡಿಯಿಂದ ಹೊಗೆ ಏಳುತ್ತಿತ್ತು. ಗ್ಯಾನಮ್ಮನಿಗೆ ನಿಚ್ಚಣಿಕೆ ಇಳಿದದ್ದು ನೆನಪಿಲ್ಲ. ಹೊರಗಿನಿಂದ “ಹುಸೇನ್‌ಬೀ, ಒಳಗ ಬರಾಕತ್ತೀನಿ” ಎಂದು ಕೂಗಿದರು, ಬಾಗಿಲಲ್ಲಿದ್ದ ಕೊಡ ಎತ್ತಿ ಒಲೆಯ ಮೇಲೆ ಸುರಿದರು.

“ಅವ್ವಾ, ಏನಾತು? ಕೂಸಿಗೆ ಗಂಜಿ ಇಟ್ಟಿದ್ದೆ!”

“ಕೂಸಿನ್ನ ಎತ್ಕೋ. ಹುಣಸಿ ಗಿಡದ ಕೆಳಗ ನಡಿ. ಆಮ್ಯಾಲ ಹೇಳ್ತೀನಿ.”

ಸಾಲಿನ ಒಲೆಗಳೆಲ್ಲ ಆರಿದವು. ಮಂದಿಯೆಲ್ಲ ಹುಣಸೆ ಮರದ ಕೆಳಗೆ ಬಂದರು. ಯಂಕೋಬನ ಬಾಗಿಲಿಗೆ ಕಬ್ಬಿಣದ ಕೀಲಿ ಬಿದ್ದಿತ್ತು. ಅವನು ಹಿಂದಿನ ದಿನವೇ ಮಸ್ಕಿಯ ಕಡೆ ಬಾವಿ ಕೆಲಸಕ್ಕೆ ಹೋಗಿದ್ದ, ಕೀಲಿಕೈ ಅವನ ಉಡಿದಾರದಲ್ಲಿತ್ತು. ಮೌಲಾಸಾಬ್ ಎಲ್ಲಿಂದಲೋ ಹಾರೆ ತಂದ. ಒಡೆಯೋಣ ಎಂದ. ಉಳಿದವರೂ ಅದನ್ನೇ ಅಂದರು.

ಗ್ಯಾನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. “ಕಬ್ಬಿಣಕ್ಕ ಕಬ್ಬಿಣ ಹೊಡದ್ರ ಕಿಡಿ ಹಾರತೈತಿ. ಆ ಹಾರಿ ದೂರ ಒಯ್ಯಿ. ಇನ್ನೊಂದು, ಇದು ಅವನ ಮನಿ. ಅವನ ಕೈಲೆ ತಗಸ್ತೀನಿ.”

“ಅವ ಬರೋತನ ನಾವೇನು ಬಿಸಲಾಗ ಕುಂದ್ರೋದಾ?” ಎಂದ ಮೌಲಾಸಾಬ್.

“ಹೌದು. ನೀ ಇಲ್ಲೇ ಕಾವಲ ಇರಬೇಕು. ಬೀಡಿ ಹಚ್ಚಿದವರು ಯಾರೂ ಈ ಕಡಿ ಸುಳೀಬಾರದು. ಊಟ ನನ್ನ ತಂಗಿ ಮನಿಯಿಂದ ಬರತೈತಿ. ನಾ ಮಸ್ಕಿಗೆ ಹೊಂಟೆ.”

ಠಾಣೆಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಗ್ಯಾನಮ್ಮ ಹೇಳಿದರು: “ಹೇಳಿದ್ರ ಅವನ್ನ ಹುಡಿಕ್ಕೊಂಡು ಒಯ್ತಿದ್ರು. ಕೀಲಿಕೈ ಅವನ ಸೊಂಟದಾಗ, ಮದ್ದು ನನ್ನ ಗ್ವಾಡಿಗೆ. ನನಗ ಮೊದಲ ಮದ್ದು ಹೊರಗ ಹೋಗಬೇಕಾಗಿತ್ತು.”

ಬುಡ್ಡೇಸಾಬ್ ಟಾಂಗಾ ಹೂಡಿದರು. ಆ ದಾರಿಯಲ್ಲಿ ನೆರಳಿಲ್ಲ. ಕುದುರೆಗೆ ನೀರು ಕುಡಿಸಲು ಒಂದೇ ಕಡೆ ನಿಂತರು. ಮಸ್ಕಿಯಲ್ಲಿ ವಿಚಾರಿಸಿದಾಗ, ಸಿಂಧನೂರು ದಾರಿಯ ಒಂದು ಹೊಲದಲ್ಲಿ ಬಾವಿ ತೋಡುತ್ತಿದ್ದಾರೆಂದು ತಿಳಿಯಿತು. ಹೋಗಿ ನೋಡಿದರೆ ಯಂಕೋಬ ಬಾವಿಯ ತಳದಲ್ಲಿ ಬಂಡೆಗೆ ತೂತು ಹೊಡೆಯುತ್ತಿದ್ದ.

“ಯಂಕೋಬಾ, ಮ್ಯಾಲ ಬಾ. ಖೋಲಿಯಾಗ ಏನಿಟ್ಟೀಯೋ ನೋಡೀನಿ.”

ಅವನು ಕತ್ತೆತ್ತಿ ನೋಡಿ ನಕ್ಕ. “ಅದಕ್ಕ ಇಷ್ಟು ದೂರ ಬಂದ್ಯಾ ಅವ್ವಾ? ಕೀಲಿ ಹಾಕೀನಲ್ಲ. ನಾಳಿ ಸಂಜಿಗೆ ಬರ್ತೀನಿ ತಗೋ.”

“ಕೀಲಿ ಕಳ್ಳಗ. ಬೆಂಕಿ ಕೀಲಿ ಕೇಳತೈತೇನು?”

ಹೊಲದ ಯಜಮಾನನಿಗೆ ಕೆಲಸ ನಿಂತದ್ದು ಸರಿಬರಲಿಲ್ಲ. ಸಂಜೆಯೊಳಗೆ ಬಂಡೆ ಹಾರಿಸಬೇಕು, ನೀನು ಯಾರು ನಡುವೆ ಎಂದು ರೇಗಿದ. ಗ್ಯಾನಮ್ಮ ಬಾವಿಯ ದಂಡೆಯ ಮೇಲೆ ಕೂತುಬಿಟ್ಟರು. “ಇವನ ಮನಿ ಮಾಲಕಳು. ನಾ ಇಲ್ಲಿಂದ ಏಳಾಂಗಿಲ್ಲ. ನಾ ಕುಂತಿರೋತನ ನೀವು ಮದ್ದು ಹಾರ್ಸಾಂಗಿಲ್ಲ.”

ಯಜಮಾನ ಕೂಗಾಡಿದ. ಗ್ಯಾನಮ್ಮ ಅವನ ಕಡೆ ತಿರುಗಲಿಲ್ಲ. ಬಾವಿಯೊಳಗೆ ಬಗ್ಗಿ ಕೇಳಿದರು:

“ಯಂಕೋಬಾ, ಡಬ್ಬಿ ಇಟ್ಟ ಗ್ವಾಡಿ ಆಚಿ ಏನೈತಿ ಗೊತ್ತೈತೇನು?”

“ಏನೈತಿ?”

“ಹುಸೇನ್‌ಬೀ ಒಲಿ.”

ಯಂಕೋಬ ಸುತ್ತಿಗೆ ಕೆಳಗಿಟ್ಟ. ಹಗ್ಗ ಹಿಡಿದು ಮೇಲೆ ಬಂದ. ಅವನ ಮುಖ ನೋಡಿ ಯಜಮಾನ ದಾರಿ ಬಿಟ್ಟ.

“ಅವನಿಗೆ ಖರೇನ ಗೊತ್ತಿರಲಿಲ್ಲರೀ. ತನ್ನ ಗ್ವಾಡಿ ಅಷ್ಟ ನೋಡಿದ್ದ. ಅವತ್ತ ನನಗ ಬುದ್ಧಿ ಬಂತು. ಖೋಲಿ ಕೊಡಬೇಕಾದ್ರ ಗ್ವಾಡಿ ಆಚಿ ಏನೈತಿ ಅಂತನೂ ತೋರಿಸಬೇಕು.”

ಬುಡ್ಡೇಸಾಬ್ ಕುದುರೆಯನ್ನು ಓಡಿಸಿದ ರೀತಿ ಸಾಲಿನಲ್ಲಿ ಇಂದಿಗೂ ಮಾತು. ದೀಪ ಹಚ್ಚುವ ಹೊತ್ತಿಗೆ ಮೊದಲೇ ಬಂದು ಮುಟ್ಟಿದರು. ಯಂಕೋಬ ತಾನೇ ಬಾಗಿಲು ತೆಗೆದ. ಉಳಿದವರನ್ನೆಲ್ಲ ದೂರ ನಿಲ್ಲಿಸಿ, ತೊಯ್ದ ಗೋಣಿಚೀಲದಲ್ಲಿ ಒಂದೊಂದೇ ಡಬ್ಬಿ ಸುತ್ತಿ, ದಂಡಿನವರ ಹಾಳು ಬಿದ್ದ ಮೈದಾನದ ಕಲ್ಲಿನ ಗುಂಡಿಗೆ ಒಯ್ದು ಇಟ್ಟ. ಬತ್ತಿಯ ಸುರುಳಿಯನ್ನು ಗ್ಯಾನಮ್ಮ ಒಯ್ದರು. ಅವನೊಬ್ಬನೇ ಹೋಗಿ ಬರುವುದನ್ನು ನೋಡುತ್ತ ನಿಲ್ಲಲು ಅವರಿಗೆ ಮನಸ್ಸಾಗಲಿಲ್ಲವಂತೆ.

ನೀನು ಇಲ್ಲೇ ಇರು, ಮದ್ದು ಮಾತ್ರ ಬೇಡ ಎಂದರು ಗ್ಯಾನಮ್ಮ. ಆದರೆ ಸಾಲಿನ ಮಂದಿ ತನ್ನನ್ನು ನೋಡುವ ನೋಟ ಯಂಕೋಬನಿಗೆ ತಡೆಯಲಾಗಲಿಲ್ಲ. ವಾರದೊಳಗೆ ಖೋಲಿ ಬಿಟ್ಟು ಹೋದ. ಮಳೆಗಾಲವಿಡೀ ಆ ಖೋಲಿ ಖಾಲಿ ಬಿದ್ದಿತ್ತು. ಚಲೋ ಬಾಡಿಗೆದಾರನನ್ನು ಓಡಿಸಿದಳು ಎಂದು ದುರುಗಪ್ಪ ಸಂತೆಯಲ್ಲಿ ಹೇಳುತ್ತ ತಿರುಗಿದ. ಗ್ಯಾನಮ್ಮ ಆ ಖಾಲಿ ದಿನಗಳಲ್ಲಿ ಕೈಕಟ್ಟಿ ಕೂರಲಿಲ್ಲ. ಎಲ್ಲ ಖೋಲಿಗಳ ಒಲೆಗಳನ್ನು ಕಿತ್ತು, ಒಬ್ಬರ ಬೆಂಕಿ ಇನ್ನೊಬ್ಬರ ಗೋಡೆಗೆ ತಾಗದ ಹಾಗೆ ಹಿತ್ತಲ ಗೋಡೆಗೆ ಹೊಸದಾಗಿ ಹಾಕಿಕೊಟ್ಟರು. ಹುಸೇನ್‌ಬೀ ಒಂದು ಕಂಕುಳಲ್ಲಿ ಕೂಸು, ಒಂದು ಕೈಯಲ್ಲಿ ಇಟ್ಟಿಗೆ ಹಿಡಿದು ನೆರವಾದಳು.

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಯಂಕೋಬ ಮತ್ತೆ ಬಂದ. ಹಿಂದೆ ಹೆಂಡತಿ ಕರೆಮ್ಮ, ಅವಳ ತೋಳಿನಲ್ಲಿ ಹಸಿಗೂಸು. ತಲೆಯ ಮೇಲಿದ್ದ ಪೆಟ್ಟಿಗೆಯನ್ನು ಅಂಗಳದ ನಡುವೆ ಇಳಿಸಿ, ಎಲ್ಲರ ಎದುರಿಗೆ ಮುಚ್ಚಳ ತೆರೆದ. “ನೋಡವ್ವಾ. ಎಲ್ಲಾ ತಗದು ನೋಡು.”

ಗ್ಯಾನಮ್ಮ ನೋಡಲಿಲ್ಲ. “ಪೆಟಗಿ ಮುಚ್ಚು. ಮನಿ ಬಾಳೇವು ಯಾಕ ಮಂದಿಗೆ ತೋರಸ್ತಿ? ಮದ್ದು ಎಲ್ಲಿಟ್ಟಿ, ಅದನ್ನ ಹೇಳು.”

“ಹೊಲದಾಗ, ಜ್ವಾಳ ತುಂಬತಿದ್ದ ಹಳೇ ಹಗೇವಿನ್ಯಾಗ. ಮ್ಯಾಲ ಕಲ್ಲಬಂಡಿ ಮುಚ್ಚೀನಿ. ಮನಿ ಇಲ್ಲ, ಮಠ ಇಲ್ಲ ಅಲ್ಲಿ.”

“ಕೂಸು ಏನು?”

“ಹೆಣ್ಣು.”

ಗ್ಯಾನಮ್ಮ ಕರೆಮ್ಮನನ್ನು ಒಳಗೆ ಕರೆದೊಯ್ದು ಮೊದಲು ಹೊಸ ಒಲೆ ತೋರಿಸಿದರು. ಆಮೇಲೆ ಎರಡೂ ಕಡೆಯ ಗೋಡೆ ಮುಟ್ಟಿಸಿ, ಆಚೆ ಯಾರಿದ್ದಾರೆ, ಏನಿದೆ ಎಂದು ಹೇಳಿದರು. ಯಂಕೋಬ ಈಗಲೂ ಅದೇ ಖೋಲಿಯಲ್ಲಿದ್ದಾನೆ. “ಬಾವಿ ಮ್ಯಾಲ ಕುಂತು ಬೈದಿದ್ರ ಎದುರು ಮಾತಾಡ್ತಿದ್ದೆ. ಬೈಲಿಲ್ಲ ಆಕಿ. ಒಂದ ಮಾತು ಕೇಳಿದ್ಲು” ಎಂದು ತಲೆ ಕೆಳಗೆ ಹಾಕಿ ಹೇಳುತ್ತಾನೆ.

ಬಿಸಿಲು ಏರುತ್ತಿದೆ. ಬುಡ್ಡೇಸಾಬ್ ಟಾಂಗಾಕ್ಕೆ ಕುದುರೆ ಹೂಡಿ, ಲಗಾಮು ಹಿಡಿದು ಕುಂಟುತ್ತ ಹೊರಗೆ ಹೋಗುತ್ತಾರೆ. ಗ್ಯಾನಮ್ಮ ನಿಚ್ಚಣಿಕೆ ಇಳಿಯುತ್ತಾರೆ. ಪ್ರತಿ ಮೆಟ್ಟಿಲಿಗೂ ಮೊಳಕಾಲು ಹಿಡಿದು ನಿಲ್ಲುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

“ಮಾಳಿಗೀಗೆ ಸುಣ್ಣದ ಗಚ್ಚು ಹಾಕಿಸಬೇಕು. ಯುದ್ಧ ಮುಗೀತಂತ, ಸುಣ್ಣ ಇನ್ನ ಸಸ್ತಾ ಆಗೈತೇನು? ಈ ಮೊಳಕಾಲು ಎಷ್ಟು ದಿನ ಹತ್ತತಾವು ಹೇಳ್ರಿ.”

ಊರವರು ನಿಮ್ಮನ್ನು ಹಟಮಾರಿ ಎನ್ನುತ್ತಾರಲ್ಲ ಎಂದೆ. ಗ್ಯಾನಮ್ಮ ಕೈಗೆ ಮೆತ್ತಿದ ಮಣ್ಣನ್ನು ಬಾವಿಯ ಕಟ್ಟೆಯ ಮೇಲೆ ಕೂತು ತೊಳೆದುಕೊಂಡರು. ಅಂಗಳದಲ್ಲಿ ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು.

“ಅನ್ಲಿ ಬಿಡ್ರಿ. ನನ್ನ ಸಾಲಿನ್ಯಾಗ ರಾತ್ರಿ ಮಲಗಿದವರು ಮುಂಜಾನಿ ಎದ್ದಾರ. ನನಗ ಅಷ್ಟ ಸಾಕು.”