ಸ್ಪಾನರ್ ದೀಪ ಆರಿಸಿಕೊಡುತ್ತಿದ್ದ ಮಾವ

ಮಾವನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಹೊಸೂರಿನ ಲಾರಿ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಾಗ ತಗಡು ಒತ್ತುವ ಪ್ರೆಸ್ಸಿನ ಬಾಯಿಗೆ ಸಿಕ್ಕು ಜಜ್ಜಿಹೋಗಿತ್ತಂತೆ. ಮತ್ತೆ ಬಂದ ಉಗುರು ಕರ್ರಗೆ, ದಪ್ಪಗೆ, ಒಂದು ಪಕ್ಕಕ್ಕೆ ವಾಲಿಕೊಂಡು ಬಂದಿತ್ತು. ಅವಲಪಲ್ಲಿಯ ನಮ್ಮ ಬೀದಿಯ ಅರ್ಧಕ್ಕರ್ಧ ಕಾರುಗಳ ಮೀಟರ್ ಗುಂಡಿ ಒತ್ತಿದ್ದು ಅದೇ ಬೆರಳು.

ಮಾವ ಅಂದರೆ ಸಂಬಂಧವೇನಲ್ಲ. ನಾವು ಕೋಲಾರದ ಕಡೆಯಿಂದ ಕೆಲಸಕ್ಕೆ ಬಂದವರು. ಕೆಳಗಿನ ಮನೆಯಲ್ಲಿ ನಾವು ಬಾಡಿಗೆಗೆ, ಮಹಡಿಯಲ್ಲಿ ಓನರು, ಅಂದರೆ ಇವರು. ಹೊಸದರಲ್ಲಿ ನಾನು ಸಾರ್ ಅಂದಿದ್ದಕ್ಕೆ, "ಸಾರು ಗೀರು ಎಲ್ಲಾ ಫ್ಯಾಕ್ಟ್ರೀಲೇ ಬುಟ್ಟು ಬಂದಿವ್ನಿ, ಮಾವ ಅನ್ನಮ್ಮ" ಅಂದರು. ಅವತ್ತಿಂದ ಅವರು ಮಾವ, ಅವರ ಹೆಂಡತಿ ಅತ್ತೆ.

ಕಾರು ಇಷ್ಟು ಕಿಲೋಮೀಟರ್ ಓಡಿದ ಮೇಲೆ ಮೀಟರಿನಲ್ಲಿ ಸ್ಪಾನರ್ ಆಕಾರದ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ, ಸರ್ವೀಸ್ ಮಾಡಿಸು ಅಂತ. ಷೋರೂಮಿನಲ್ಲಾದರೆ ಕೆಲಸ ಮುಗಿಸಿ ಅವರೇ ಅದನ್ನು ಆರಿಸಿ ಕೊಡುತ್ತಾರೆ. ಕೆಲಮಂಗಲದ ಗ್ಯಾರೇಜಿನವನು ಆಯಿಲ್ ಚೆನ್ನಾಗಿ ಬದಲಾಯಿಸುತ್ತಿದ್ದ, ದೀಪದ ತಂಟೆಗೆ ಹೋಗುತ್ತಿರಲಿಲ್ಲ. ಅದು ಮಾವನ ಪಾಲಿಗೆ. ಕೀ ತಿರುಗಿಸಿ, ಗುಂಡಿ ಒತ್ತಿ ಹಿಡಿದು, ದೀಪ ಮಿಣುಕಿ ಆರುವವರೆಗೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆದರೆ ಅದಕ್ಕೂ ಮುಂಚೆ ಬಾನೆಟ್ ಎತ್ತಿಸಿ, ಆಯಿಲ್ ಕಡ್ಡಿ ಎಳೆದು, ಉಟ್ಟ ಪಂಚೆಗೇ ಒರೆಸಿ ನೋಡಬೇಕು. "ದೀಪ ಆರ್ಸೋದು ನನ್ ಕೆಲ್ಸ. ಅದಕ್ ಮುಂಚೆ ಆಯಿಲ್ ಹಾಕ್ಸೋದು ನಿನ್ ಕೆಲ್ಸ" ಅನ್ನುವರು. ಪಂಚೆ ಒಗೆಯುವಾಗ ಅತ್ತೆ ಬೈಯುವುದು ಕೆಳಗೆ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. ಮೊದಲ ಸರ್ವೀಸಿಗೆ ಷೋರೂಮಿಗೂ ಜೊತೆಗೆ ಬಂದರು. ಕೌಂಟರಿನಲ್ಲಿದ್ದವನು ನನ್ನನ್ನು ಎದುರಿಗೇ ನಿಲ್ಲಿಸಿಕೊಂಡು, ಏನೇನು ಮಾಡಿಸಬೇಕು ಅಂತ ನನ್ನ ಗಂಡನಿಗೆ ಫೋನ್ ಹಚ್ಚಲು ಹೊರಟ. ನನಗೆ ಮೈಯೆಲ್ಲ ಉರಿದುಹೋಯಿತು, ಬಾಯಿ ಮಾತ್ರ ಬರಲಿಲ್ಲ. ಮಾವ ಮೇಜು ಕುಟ್ಟಿ, "ಕಾರ್ ಓಡ್ಸೋಳು ಇಲ್ಲೇ ನಿಂತವ್ಳೆ, ಅವ್ಳ ಗಂಡನ್ನ ಯಾಕಪ್ಪಾ ಕೇಳ್ತೀಯ?" ಅಂದರು. ಹಿಂದಿರುಗುವಾಗ ನನಗೂ ಬೈದರು: "ಬಾಯಿಲ್ವಾ ನಿಂಗೆ? ವಾರಂಟಿ ಇರೋಗಂಟ ಷೋರೂಮು, ಆಮೇಲೆ ಕೆಲಮಂಗಲ. ಎಲ್ಲಿ ಬುಟ್ರೂ ತೆಗ್ದಿದ್ ಹಳೇ ಸಾಮಾನ್ ಕೇಳಿ ಈಸ್ಕೊ." ಇವತ್ತಿಗೂ ನಾನು ಹಳೇ ಫಿಲ್ಟರ್ ಕೈಗೆ ಬರುವವರೆಗೂ ಬಿಲ್ಲು ಕಟ್ಟುವುದಿಲ್ಲ.

ಇಂಥ ಮನುಷ್ಯನನ್ನು ನಮ್ಮ ಬೀದಿ ಏನು ಮಾಡಿತು ಅಂತ ನೆನೆಸಿಕೊಂಡರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಎದುರು ಮನೆಯವನು ನಮ್ಮ ಬಡಾವಣೆಯ ಸಂಘಕ್ಕೆ ಅಧ್ಯಕ್ಷ. ಬೀದಿಯ ಕನ್ನಡದವರು, ತಮಿಳರು ಎಲ್ಲರೂ ಅವನನ್ನು ತಮಿಳಿನಲ್ಲಿ ತಲೈವರ್ ಅಂತಲೇ ಕರೆಯುವುದು. ನೀರಿನ ಟ್ಯಾಂಕರ್ ಯಾರ ಮನೆ ಮುಂದೆ ಮೊದಲು ನಿಲ್ಲಬೇಕು ಅನ್ನುವುದು ಅವನ ಕೈಯಲ್ಲಿತ್ತು. ಒಂದು ದಿನ ಬೆಳಗ್ಗೆ ರೇಷ್ಮೆ ಪಂಚೆ ಉಟ್ಟು, ಹೊಸ ಕಾರು ತಂದು ನಮ್ಮ ಗೇಟಿಗೆ ಹಚ್ಚಿದ. ಬೀಗರನ್ನು ಕೂರಿಸಿಕೊಂಡು ಕೃಷ್ಣಗಿರಿಗೆ ಮದುವೆಗೆ ಹೋಗಬೇಕು, ಮೀಟರಿನಲ್ಲಿ ಆ ಸ್ಪಾನರ್ ಉರಿಯುತ್ತಿದ್ದರೆ ಮರ್ಯಾದೆ ಏನು? "ನಿನ್ನೆ ತಾನೇ ಷೋರೂಮಲ್ಲಿ ಸರ್ವೀಸ್ ಆಯ್ತು ಮಾವ, ಇದೊಂದ್ ಆರಿಸೋದು ಮರ್ತ್‌ಬುಟ್ಟವ್ರೆ" ಅಂದ. ಮಾವ ಬಾನೆಟ್ ಕಡೆ ಕೈ ತೋರಿಸಿದರು. "ಹೊತ್ತಾಗೋಯ್ತು ಮಾವ. ನನ್ ಮಾತ್ ನಂಬಲ್ವಾ?" ಅಂದ.

ನಂಬಿದರು. ಕಡ್ಡಿ ಎಳೆಯದೆ ದೀಪ ಆರಿಸಿದರು. ನಾನು ಬಾಗಿಲಿಗೆ ನೀರು ಹಾಕುತ್ತಾ ಅಲ್ಲೇ ನಿಂತಿದ್ದೆ, ಒಂದೊಂದು ಮಾತೂ ನನ್ನ ಕಿವಿಗೆ ಬಿದ್ದಿದೆ.

ದೀಪ ಆರಿತಲ್ಲ, ಆ ಮಹಾನುಭಾವ ಆಮೇಲೂ ಸರ್ವೀಸ್ ಮಾಡಿಸಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಶೂಳಗಿರಿ ಹತ್ತಿರ ಇಂಜಿನ್ ಜಾಮ್ ಆಗಿ ನಿಂತಿತು. ಸರ್ವೀಸೇ ಮಾಡಿಸಿಲ್ಲ, ವಾರಂಟಿ ಸಿಗುವುದಿಲ್ಲ ಅಂದುಬಿಟ್ಟರು ಷೋರೂಮಿನವರು. ಸಂಜೆ ನೋಡಿದರೆ ಬೀದಿಯ ತುಂಬಾ ಒಂದೇ ಮಾತು: ಆ ಮುದುಕ ಮೀಟರಿಗೆ ಕೈ ಹಾಕಿ ತಲೈವರ್ ಕಾರು ಕೆಡಿಸಿಬಿಟ್ಟ!

ಅಲ್ರೀ, ಗುಂಡಿ ಒತ್ತಿದರೆ ಇಂಜಿನ್ ಜಾಮ್ ಆಗುತ್ತಾ? ಗೋಡೆ ಗಡಿಯಾರದ ಮುಳ್ಳು ತಿರುಗಿಸಿದರೆ ಹೊತ್ತು ಮುಳುಗುತ್ತಾ? ವಾಚ್ ಫ್ಯಾಕ್ಟರಿಯಲ್ಲಿ, ಮೋಟಾರ್ ಫ್ಯಾಕ್ಟರಿಯಲ್ಲಿ ಜೀವಮಾನ ಸವೆಸಿದವರೇ ತುಂಬಿರುವ ಬೀದಿ ನಮ್ಮದು. ಒಬ್ಬರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಟ್ಯಾಂಕರ್ ತಪ್ಪೀತು ಅಂತ ಬಾಯಿ ಹೊಲಿದುಕೊಂಡರು. ನಾನು ಸಂಘದ ಮೀಟಿಂಗಿನಲ್ಲಿ ಎದ್ದುನಿಂತು, ಕಂಡಿದ್ದು ಕೇಳಿದ್ದು ಎಲ್ಲ ಹೇಳಿದೆ. "ನೀವು ಅವ್ರ ಮನೆ ಬಾಡಿಗೆಯವ್ರು, ಬೇರೆ ಏನ್ ಹೇಳ್ತೀರ ಮೇಡಂ" ಅಂತ ನಕ್ಕರು. ಆಮೇಲೆ ಮಾವನ ಹತ್ತಿರ ಒಬ್ಬರೂ ಕಾರು ತರಲಿಲ್ಲ.

ಮಾವ ಸುಮ್ಮನಿರುವ ಜಾತಿಯಲ್ಲ. ಮಾರನೆಯ ದಿನದಿಂದಲೇ, ತಲೈವರ್ ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಕೆಳಗಿಳಿದು ಬೀದಿಯಲ್ಲಿ ನಿಂತು ಕೂಗುತ್ತಿದ್ದರು: "ಆಯಿಲ್ ಯಾವಾಗ್ಲಾ ಹಾಕ್ಸ್‌ದೆ? ಹೇಳ್ಲಾ!" ಅಷ್ಟೇ, ಇನ್ನೊಂದು ಕೆಟ್ಟ ಮಾತಿಲ್ಲ. ಅವನು ತಲೆ ತಗ್ಗಿಸಿ ಗಾಡಿ ಹತ್ತುವನು. ಮಾವ ಮಹಡಿ ಹತ್ತುವರು. ಮಳೆಯಿರಲಿ, ಚಳಿಯಿರಲಿ, ದಿನಾ ಇದೇ.

ಬೀದಿಯವರು ಏನಂದರು ಗೊತ್ತೇ? ಮುದುಕನಿಗೆ ತಲೆ ಕೆಟ್ಟಿದೆ ಅಂದರು. ಸುಳ್ಳು ಹೇಳಿದವನು ಸಂಭಾವಿತ, ಕೇಳಿದವರು ಹುಚ್ಚರು! ನಾನೇ ಒಂದು ದಿನ ತಡೆಯಲಾರದೆ, "ಬಿಡಿ ಮಾವ, ಅವನ ಯೋಗ್ಯತೆ ಅಷ್ಟೆ" ಅಂದೆ. ಮಾವ ತಮ್ಮ ಚಪ್ಪಟೆ ಹೆಬ್ಬೆರಳು ನೋಡಿಕೊಂಡರು. "ನನ್ ಕೈಗೆ ಹೆಸರು ಇಟ್‌ಬುಟ್ನಲ್ಲಮ್ಮಾ ಅವ್ನು" ಅಂದರು. ಅವರು ಅಷ್ಟು ಕುಗ್ಗಿ ಮಾತಾಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಮಾವನಿಗೆ ಉತ್ತರ ಸಿಗಲೇ ಇಲ್ಲ. ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿದ್ದ ಅವರನ್ನು ಮರುದಿನ ಮಧ್ಯಾಹ್ನ ಉಸಿರಿಲ್ಲದೆ ತಂದು ಮನೆ ಮುಂದೆ ಶಾಮಿಯಾನದ ಕೆಳಗೆ ಮಲಗಿಸಿದರು. ಬರದೆ ಇದ್ದವರಿಲ್ಲ. ಎಲ್ಲರ ಬಾಯಲ್ಲೂ ಎಂಥಾ ಒಳ್ಳೆಯ ಮನುಷ್ಯ, ಎಂಥಾ ಉಪಕಾರಿ. ನನಗೆ ಅಳುವೋ ಸಿಟ್ಟೋ ತಿಳಿಯಲಿಲ್ಲ. ಅಷ್ಟರಲ್ಲಿ ತಲೈವರ್ ಬಂದ, ಹೆಗಲಗಲದ ಗುಲಾಬಿ ಮಾಲೆ ಹಿಡಿದು, ಹಿಂದೆ ಸಂಘದವರನ್ನು ಕಟ್ಟಿಕೊಂಡು.

ಮಾಲೆ ಹಾಕಲು ಬಗ್ಗಿದ. ತಲೆದೆಸೆಯಲ್ಲಿ ಕೂತಿದ್ದ ಅತ್ತೆ ಕೈ ಅಡ್ಡ ಇಟ್ಟರು.

"ಆಯಿಲ್ ಯಾವಾಗಪ್ಪಾ ಹಾಕ್ಸ್‌ದೆ?"

"ಅತ್ತೇ, ಈ ಹೊತ್ನಲ್ಲಿ ಯಾಕತ್ತೇ ಅದು..."

"ಅವ್ರು ಮಣ್ಣಿಗ್ ಹೋಗೋಕ್ ಮುಂಚೆ ಹೇಳ್ಬುಡು."

ಅವನು ನೆಲ ನೋಡಿಕೊಂಡು, "ಹಾಕ್ಸಿರ್ಲಿಲ್ಲ" ಅಂದ.

"ನಂಗ್ ಗೊತ್ತು, ನಂಗ್ ಹೇಳ್ಬೇಡ. ಅವ್ರು ಬೀದೀಲ್ ನಿಂತ್ಕೊಂಡ್ ಕೇಳಿದ್ರು. ನೀನೂ ಬೀದೀಲ್ ನಿಂತ್ಕೊಂಡ್ ಹೇಳು."

ಮಾಲೆ ಹಿಡಿದುಕೊಂಡೇ ಅವನು ಬೀದಿಗಿಳಿದ. ಆಯಿಲ್ ಹಾಕಿಸಿರಲಿಲ್ಲ, ಮಾವನಿಗೆ ಸುಳ್ಳು ಹೇಳಿದೆ ಅಂತ ಎಲ್ಲರಿಗೂ ಕೇಳಿಸುವಂತೆ ಹೇಳಿದ. ಹಿಂದೆ ನಿಂತಿದ್ದ ತಮಿಳರು ಏನು, ಏನು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು.

"ತಮಿಳಲ್ಲೂ ಹೇಳು" ಅಂದರು ಅತ್ತೆ.

ಹೇಳಿದ. ಆಮೇಲೆ ಅತ್ತೆ ಸ್ವಲ್ಪ ಪಕ್ಕಕ್ಕೆ ಸರಿದು, ಮಾವನ ಎದೆಯ ಮೇಲಿನ ಬಟ್ಟೆ ನೆಟ್ಟಗೆ ಮಾಡಿ, "ಬಾ, ಈಗ್ ಹಾಕು ಮಾಲೆ" ಅಂದರು.