ಕಾನ್ಸೆಪ್ಟಾ ಬಾಯಿಯ ನಾಲ್ಕು ಜನರ ಗುಂಪು

೧೯೭೯ರ ಜೂನಿನಲ್ಲಿ ಚರ್ಚಿನ ಫಾದರ್ ಕಜೆಟನ್ ಯುವಕರ ಚಿಕ್ಕ ಗುಂಪು ನಡೆಸುವ ಈ ಕೆಲಸ ಹೇಳಿದಾಗ ಕಾನ್ಸೆಪ್ಟಾ ಬಾಯಿಗೆ ಬೇಡ ಎನ್ನುವಷ್ಟೂ ತ್ರಾಣವಿರಲಿಲ್ಲ. ಅಜೆಕಾರಿನ ಸಮೀಪದ ಶಾಲೆಯಲ್ಲಿ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಿ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಕಾರ್ಕಳಕ್ಕೆ ಬಂದು, ಪಾರ್ಶ್ವವಾಯು ಬಡಿದು ಮಲಗಿದ್ದ ತಾಯಿಗೆ ಗಂಜಿ ಕುಡಿಸುವಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ವಯಸ್ಸು ನಲವತ್ತೆರಡು. ಮದುವೆಯ ಮಾತು ಎಂದೋ ನಿಂತುಹೋಗಿತ್ತು.

"ಯುವಕರ ಸಂಘ ಉಂಟಲ್ಲ ಫಾದರ್?" ಎಂದರು.

"ಉಂಟು. ನಾಟಕ ಮಾಡ್ತಾರೆ, ಕ್ರಿಕೆಟ್ ಆಡ್ತಾರೆ. ಒಬ್ಬನ ಒಳಗೆ ಎಂತ ನಡೀತಾ ಉಂಟು ಅಂತ ಇನ್ನೊಬ್ಬನಿಗೆ ಗೊತ್ತಿಲ್ಲ. ನಾಲ್ಕು ನಾಲ್ಕು ಜನ ಕೂತುಕೊಳ್ಳಲಿ. ಹೋದ ವಾರ ಮಾಡ್ತೇನೆ ಅಂದದ್ದನ್ನು ಮಾಡಿದೆಯಾ, ಇಲ್ಲವಾ? ಅಷ್ಟು ಕೇಳಿದರೆ ಸಾಕು. ನೀವೊಂದು ಗುಂಪು ಶುರು ಮಾಡಿ ತೋರಿಸಿ."

ಹಾಗೆ ಭಾನುವಾರದ ಎರಡನೆಯ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದಿನ ಕೋಣೆಯಲ್ಲಿ ನಾಲ್ವರು ಕೂತರು: ಬಾಯಿ, ಕಲ್ಲುಕೋರೆಯಲ್ಲಿ ಮೇಸ್ತ್ರಿಯಾಗಿದ್ದ ವಿಲ್ಫ್ರೆಡ್, ಕಾಲೇಜು ಓದುತ್ತಿದ್ದ ವಲೇರಿಯನ್, ಟೈಪಿಂಗ್ ಕಲಿಯುತ್ತಿದ್ದ ಪ್ಯಾಟ್ರಿಶಿಯಾ. ಇಲ್ಲಿ ಆಡಿದ ಮಾತು ಹೊಸ್ತಿಲು ದಾಟಬಾರದು ಎಂಬ ನಿಯಮ ಮಾಡಿದವರು ಬಾಯಿಯೇ.

ಮೊದಲ ತಿಂಗಳು ಎಲ್ಲರೂ ಸುಳ್ಳು ಹೇಳಿದರು. ದಿನವೂ ಜಪಸರ ಮಾಡಿದೆ, ಬೈಬಲ್ ಓದಿದೆ ಎಂದರು. ಒಂದು ಭಾನುವಾರ ವಿಲ್ಫ್ರೆಡ್, "ಅಣ್ಣನ ಹತ್ತಿರ ಮಾತಾಡ್ತೇನೆ ಅಂದಿದ್ದೆ. ಮಾತಾಡಲಿಲ್ಲ," ಎಂದ. ಮುಂದಿನ ವಾರವೂ ಅದನ್ನೇ ಹೇಳಿದ. ಆಮೇಲೆ ಉಳಿದವರೂ ನಿಜ ಹೇಳತೊಡಗಿದರು. ವರ್ಷ ಕಳೆಯುವಷ್ಟರಲ್ಲಿ ಊರಿನಲ್ಲಿ ಇಂಥ ಐದು ಗುಂಪುಗಳಾದವು. ಅವನ್ನೆಲ್ಲ ನೋಡಿಕೊಳ್ಳುವುದರಲ್ಲಿ ಬಾಯಿಗೆ ಇದ್ದ ಒಂದು ರಜೆಯ ದಿನವೂ ಹೋಯಿತು.

೧೯೮೧ರ ಫೆಬ್ರವರಿ. ಪ್ಯಾಟ್ರಿಶಿಯಾಗೆ ಕಾಪುವಿನ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಹುಡುಗ ಬಹರೈನ್‌ನಲ್ಲಿದ್ದ. ಈಸ್ಟರ್ ಕಳೆದು ಬರುವವನಿದ್ದ.

"ದಿನಾ ಪ್ರಾರ್ಥನೆ ಮಾಡ್ತೇನೆ ಬಾಯಿ," ಎಂದಳು ಅವಳು ಗುಂಪಿನಲ್ಲಿ ತಲೆ ತಗ್ಗಿಸಿ. "ಆದರೆ ಅವರಿಗೆ ರಜೆ ಸಿಗದೇ ಇರಲಿ ಅಂತ ಮಾಡ್ತೇನೆ."

ಯಾರೂ ನಗಲಿಲ್ಲ. ಆ ಮಾತು ಬಾಯಿಯ ತಲೆಯಲ್ಲಿ ಕೂತುಬಿಟ್ಟಿತು. ಗುರುವಾರ ಬಸ್ಸಿನಲ್ಲಿ ಸಹೋದ್ಯೋಗಿ ಜೆರ್ಟ್ರೂಡ್ ಪಕ್ಕದಲ್ಲಿ ಜಾಗ ಕೊಟ್ಟು, "ಎಂತ, ಮುಖ ಇಷ್ಟು ಬಾಡಿದೆ?" ಎಂದು ಕೇಳಿದಾಗ, ಭಾರ ಇಳಿಸಿದರೆ ಸಾಕೆನಿಸಿ ಹೇಳಿಬಿಟ್ಟರು. ಹೆಸರು ಹೇಳಲಿಲ್ಲ, ಕಾಪುವಿನ ಸಂಬಂಧ ಎಂದಷ್ಟೇ ಹೇಳಿದರು. ಆದರೆ ಕಾಪುವಿಗೆ ಗೊತ್ತಾದ ಹುಡುಗಿಯರು ಊರಿನಲ್ಲಿ ಎಷ್ಟು ಜನ? ಜೆರ್ಟ್ರೂಡಳ ಅಕ್ಕನನ್ನು ಕೊಟ್ಟದ್ದೂ ಕಾಪುವಿಗೇ.

ಮಾತು ಹುಡುಗನ ಮನೆ ಮುಟ್ಟಿ, ಮೂರು ವಾರಗಳಲ್ಲಿ ಸಂಬಂಧ ಮುರಿಯಿತು. ಪ್ಯಾಟ್ರಿಶಿಯಾಳ ತಂದೆ ಲೂಯಿಸ್ ಮಗಳ ಟೈಪಿಂಗ್ ಬಿಡಿಸಿದರು, ಅವಳೊಡನೆ ಮಾತೂ ಬಿಟ್ಟರು. ಆ ಭಾನುವಾರ ಅವಳು ಬಂದು ಬಾಗಿಲಲ್ಲೇ ನಿಂತಳು.

"ನಾನು ಹೇಳಿದ್ದು ನಿಮ್ಮ ಮೂರು ಜನರಿಗೆ ಮಾತ್ರ."

ವಿಲ್ಫ್ರೆಡ್ ವಲೇರಿಯನ್‌ನನ್ನು ನೋಡಿದ, ವಲೇರಿಯನ್ ವಿಲ್ಫ್ರೆಡ್‌ನನ್ನು. ಸುಮ್ಮನಿದ್ದರೆ ಸಂಶಯ ಅವರಿಬ್ಬರಲ್ಲೇ ಉಳಿದುಬಿಡುತ್ತದೆ ಎಂದು ಬಾಯಿಗೆ ಹೊಳೆಯಿತು. ಆ ಆಸೆ ಒಂದು ಗಳಿಗೆ ಎಳೆಯಿತು ಕೂಡ.

"ನಾನೇ," ಎಂದರು ಕೊನೆಗೆ. "ಬಸ್ಸಿನಲ್ಲಿ ಜೆರ್ಟ್ರೂಡ್ ಹತ್ತಿರ ಹೇಳಿದೆ."

"ನೀವಾ?" ಪ್ಯಾಟ್ರಿಶಿಯಾಳ ಧ್ವನಿ ಏರಲಿಲ್ಲ. "ನನಗೆ ಆ ಮದುವೆ ಬೇಡವಾಗಿತ್ತು, ಹೌದು. ಅದನ್ನು ಅಪ್ಪನಿಗೆ ನಾನು ಹೇಳಬೇಕಿತ್ತು ಬಾಯಿ, ನೀವಲ್ಲ." ಅವಳು ಹೊರಟುಹೋದಳು.

ಸುದ್ದಿ ಹರಡಿ, ನಂಬಿಕೆ ಹೋಗಿ, ಆ ತಿಂಗಳಲ್ಲೇ ಎರಡು ಗುಂಪುಗಳು ಮುರಿದವು. ಬಿಟ್ಟುಬಿಡುತ್ತೇನೆ ಎಂದು ಬಾಯಿ ಫಾದರ್ ಬಳಿ ಹೋದರು.

"ನಡೆಸುವುದನ್ನು ಬಿಡಿ. ಅದನ್ನು ವಿಲ್ಫ್ರೆಡ್ ನೋಡಿಕೊಳ್ಳಲಿ," ಎಂದರು ಫಾದರ್. "ಆದರೆ ಹೋಗಿ ಕೂತುಕೊಳ್ಳಿ. ಈಗ ಕೇಳಿಸಿಕೊಳ್ಳಬೇಕಾದವರು ನೀವು."

ಮುಂದಿನ ಭಾನುವಾರ, ಪ್ಯಾಟ್ರಿಶಿಯಾಳ ಮನೆಗೆ ಹೋಗುತ್ತೇನೆ ಎಂದು ಬಾಯಿ ಮಾತು ಕೊಟ್ಟರು. ಅದರ ಮರುವಾರ ವಿಲ್ಫ್ರೆಡ್ ಕೇಳಿದ.

"ಹೋದಿರಾ ಬಾಯಿ?"

"ಇಲ್ಲ."

ತಾಯಿಗೆ ಜ್ವರವಿತ್ತು, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟಿತ್ತು. ಎಲ್ಲ ನಿಜ, ಯಾವುದೂ ಕಾರಣವಲ್ಲ. ಆರು ಭಾನುವಾರ ಅವನು ಕೇಳಿದ, ಆರು ಭಾನುವಾರ ಅವರು ಇಲ್ಲವೆಂದರು. ಏಳನೆಯ ವಾರದ ಶನಿವಾರ, ತಾಯಿಗೆ ಗಂಜಿ ಕುಡಿಸಿ ನೇರ ಅಲ್ಲಿಗೇ ಹೋದರು.

ಲೂಯಿಸ್ ಜಗಲಿಯಿಂದ ಏಳಲಿಲ್ಲ. "ತಪ್ಪು ನನ್ನದು. ನಿಮ್ಮ ಮಗಳು ನಂಬಿ ಹೇಳಿದ್ದನ್ನು ನಾನು ಹೊರಗೆ ಹಾಕಿದೆ," ಎಂದರು ಬಾಯಿ. ಲೂಯಿಸ್ ಅಂಗಳ ನೋಡುತ್ತ ಕೂತರು. ಪ್ಯಾಟ್ರಿಶಿಯಾ ನೀರು, ಬೆಲ್ಲ ತಂದಿಟ್ಟಳು.

"ಕ್ಷಮಿಸಿದ್ದೇನೆ ಅಂತ ಹೇಳ್ಲಿಕ್ಕೆ ನನಗೆ ಈಗ ಆಗುವುದಿಲ್ಲ ಬಾಯಿ."

"ಬೇಡ. ಹೇಳ್ಬೇಡ."

ಮಳೆಗಾಲ ಮುಗಿದ ಮೇಲೆ ಲೂಯಿಸ್ ಮಗಳನ್ನು ಮತ್ತೆ ಟೈಪಿಂಗಿಗೆ ಕಳಿಸಿದರು. ಅವಳಿಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ೧೯೮೪ರಲ್ಲಿ ತಾನೇ ಒಪ್ಪಿದ ಹುಡುಗನೊಂದಿಗೆ ಮದುವೆಯಾಯಿತು. ಗುಂಪಿಗೆ ಅವಳು ಮತ್ತೆ ಬರಲಿಲ್ಲ. ಮದುವೆಗೆ ಮಾತ್ರ ಬಾಯಿಗೆ ಕರೆ ಬಂತು. ಹೋದರು, ಉಂಡರು, ಯಾರೂ ಹಳೆಯದನ್ನು ಎತ್ತಲಿಲ್ಲ.

ಅದರ ಮುಂದಿನ ಭಾನುವಾರ ಅವರಿಗೆ ಏಳಲಿಕ್ಕೇ ಮನಸ್ಸಿರಲಿಲ್ಲ, ಸೊಂಟ ಹಿಡಿದಿತ್ತು. ಆದರೂ ಹತ್ತು ನಿಮಿಷ ತಡವಾಗಿ ಗುಂಪಿಗೆ ಹೋಗಿ, ಗೋಡೆಗೊರಗಿ ಕೇಳಿಸಿಕೊಳ್ಳುತ್ತ ಕೂತರು.