ಸುಂದರಬಾಯಿಯ ಕುತ್ತಿಗೆಯ ಮೂರು ಚುಕ್ಕೆ

ಧಡ್, ಧಡ್, ಧಡ್. ಕಲಬುರ್ಗಿಯ ಆಸ್ಪತ್ರೆಯ ಹಿಂದಿನ ಧರ್ಮಶಾಲೆಯಲ್ಲಿ ಬಚ್ಚಲುಕಲ್ಲಿನ ಮೇಲೆ ನೀರು ಬೀಳುವ ಸದ್ದು ಕೇಳಿತೆಂದರೆ, ಚಿಕಿತ್ಸೆಗೆ ಬಂದಿದ್ದ ಇಜೇರಿ ಹಳ್ಳಿಯ ಸುಂದರಬಾಯಿ ಎದ್ದಳೆಂದೇ ಅರ್ಥ. ಊರಲ್ಲಿ ಓಣಿಯ ಮಕ್ಕಳೆಲ್ಲ ಆಕೆ ಹೊಲಿದ ಕೌದಿಯಲ್ಲೇ ಮಲಗಿ ಬೆಳೆದವರು. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಆಕೆ ಎಂದೂ ಸೂಜಿ ಹಿಡಿದವಳಲ್ಲ, ಒಂದು ಗುಟುಕು ಚಹಾ ಕುಡಿದವಳೂ ಅಲ್ಲ.

ಕುತ್ತಿಗೆಯಲ್ಲಿ ಕ್ಯಾನ್ಸರಿನ ಗಂಟು ಎದ್ದ ಮೇಲೆ ಈ ಸ್ನಾನವೇ ತೊಡಕಾಯಿತು. ಗಂಟು ಸುಡುವ ಕಿರಣ ಅದಕ್ಕೇ ತಾಗಲೆಂದು, ಕಿರಣದ ಯಂತ್ರ ನಡೆಸುವ ಜಹೀರುದ್ದೀನ ಕುತ್ತಿಗೆಯ ಮೇಲೆ ನೇರಳೆ ಮಸಿಯಲ್ಲಿ ಗೆರೆ ಎಳೆದು, ನೀರು ತಾಗಿಸಬೇಡಿ ಎಂದಿದ್ದ. ಆಕೆ ಹೂಂ ಎಂದಿದ್ದಳು. ಮರುದಿನ ಗೆರೆಯಿಲ್ಲ. ಮತ್ತೆ ಎಕ್ಸ್‌ರೇ, ಮತ್ತೆ ಅಳತೆ. ಅದರ ಮರುದಿನವೂ ಕುತ್ತಿಗೆ ತೊಳೆದ ತಾಟಿನಂತೆ ಹೊಳೆಯುತ್ತಿತ್ತು.

“ಅಮ್ಮಾ, ಎಷ್ಟ ಸಲ ಬರೀಲಿರಿ? ನಾ ಏನ್ ಗ್ವಾಡಿಗೆ ಸುಣ್ಣಾ ಬಳ್ಯಾಕತ್ತೇನೇನು?”

“ನನ್ನ ಕುತ್ತಿಗಿ ಗ್ವಾಡಿ ಆತೇನ್ಲೇ ತಮ್ಮಾ?”

“ಕುತ್ತಿಗಿ ಒಂದ್ ಬಿಟ್ಟು ಜಳಕಾ ಮಾಡ್ರಿ.”

“ಲಿಂಗಾ ಕೊಳ್ಳಾಗನ ಅದ. ಅದನ್ನ ಬಿಟ್ಟು ಎಲ್ಲಿ ಮಾಡ್ಲಿ?”

ಒಳಗಿನಿಂದ ಡಾಕ್ಟರ್ ಪ್ರಮಿಲಾ ಬಂದರು. “ಗುರ್ತು ಇಲ್ದ ಕಿರಣ ಹಾಕಿದ್ರ ಗಂಟು ಉಳಿತದ, ಒಳ್ಳೇ ಜಾಗಾ ಸುಡತದ. ಜಳಕಾ ಬೇಕೋ, ಜೀವಾ ಬೇಕೋ?”

ಸುಂದರಬಾಯಿಯ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಹೋಯಿತು. “ಎರಡೂ ಬೇಕ್ರಿ,” ಎಂದಳು ಮೆಲ್ಲಗೆ.

ಡಾಕ್ಟರ್ ಹಿಂಜರಿಯುತ್ತಲೇ ಹೇಳಿದರು: “ಒಂದ್ ದಾರಿ ಅದ. ಸೂಜೀಲೆ ಚರ್ಮದಾಗ ಮಸಿ ಚುಕ್ಕಿ ಇಡಬಹುದು. ಜೀವ ಇರೂತನಕ ಹೋಗಂಗಿಲ್ಲ. ಆದ್ರ ಹೆಣ್ಮಕ್ಕಳು ಅಂಜತಾರ.”

ಸುಂದರಬಾಯಿ ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. ಮೊಣಕೈತನಕ ಹಚ್ಚೆ: ತೊಟ್ಟಿಲು, ಚೇಳು, ಕಾಲು ಕುಂಟಾದ ಒಂದು ನವಿಲು.

“ಈ ಚೇಳು ನನ್ನ ಮದಿವಿಗಿಂತ ಮುಂಚಿಂದು. ದಿನಾ ಜಳಕಾ ಮಾಡ್ತದ, ಒಂದ್ ಕೊಂಡೀನೂ ಉದುರಿಲ್ಲ. ಇದನ್ನ ಮೊದ್ಲ ಹೇಳಬಾರದೇನ್ ಬೇ ಯವ್ವಾ?”

ಮೂರು ಚುಕ್ಕೆ ಚುಚ್ಚಿದ್ದಾಯಿತು. “ಹೊಲಿಗಿ ಸಣ್ಣಗ ಹಾಕ್ರಿ, ಕೌದಿ ಹರದೀತು,” ಎಂದು ಆಕೆ ನಡುವೆ ಹೇಳುತ್ತಲೇ ಇದ್ದಳು. ಜಹೀರುದ್ದೀನ ಗುರಿ ನೋಡಲು ಯಂತ್ರದ ಬೆಳಕು ಬಿಟ್ಟ. ಅದು ಚುಕ್ಕೆಗಳ ಮೇಲೆಯೇ ಬಂದು ಕೂತಿತು.

ಹೊರಗೆ ಬಂದವಳು ಹೆಗಲಿಗೆ ಟವೆಲ್ಲು ಹಾಕಿಕೊಂಡು ಡಾಕ್ಟರ್ ಕಡೆ ತಿರುಗಿದಳು. “ಈಗ ನೀರ್ ಹಾಕ್ಕೋಬಹುದೇನ್ರಿ?”

“ಮುಂಜಾನೆ ಮಾಡೀರಲ್ರಿ ಜಳಕಾ?”

“ಅದು ಅಂಜಕೋತ ಮಾಡಿದ್ದ್ರಿ.”

“ಆತು, ಮಾಡ್ರಿ. ಆದ್ರ ಅಲ್ಲಿ ತಿಕ್ಕಬ್ಯಾಡ್ರಿ. ನೀರು ಭಾಳ ಬಿಸಿ ಇರಬಾರದು, ಮತ್ತ ಸಾಬೂನು—”

ಸುಂದರಬಾಯಿ ಆಗಲೇ ಬಚ್ಚಲಿನ ದಾರಿ ಹಿಡಿದಿದ್ದಳು.